ಡ್ಯೂಟಿ ಮುಗಿದ ಮೇಲಿನ ಕ್ವಾರ್ಟರ್



ಆಪತ್ತು ಬಂದಾಗ ಎಲ್ಲರಿಗಿಂತ ಮೊದಲು ಓಡಿಬರುವವರ ಬಗ್ಗೆ ಇವತ್ತು ಮಾತಾಡೋಣ. ಅಗ್ನಿಶಾಮಕ ಠಾಣೆಯ ಸಿಬ್ಬಂದಿ, 108 ಆಂಬುಲೆನ್ಸಿನ ಪೈಲಟ್ ಮತ್ತು ನರ್ಸ್, 112 ವಾಹನದ ಪೊಲೀಸರು ನಿಮಗೆ ಗೊತ್ತು. ಇವರ ಸಾಲಿನಲ್ಲಿ ಇನ್ನೂ ಕೆಲವರಿದ್ದಾರೆ. ಭೀಮಾ ನದಿಯಲ್ಲಿ ಮುಳುಗಿದವರನ್ನು ಹುಡುಕಿ ತೆಗೆಯುವ ಅಂಬಿಗರು, ಮೀನುಗಾರರು. ಆಸ್ಪತ್ರೆಯ ಶವಾಗಾರದಲ್ಲಿ ದುಡಿಯುವವರು. ಇವರಲ್ಲಿ ಎಷ್ಟೋ ಜನರ ಹೆಸರು ಯಾವ ಪಗಾರ ಪಟ್ಟಿಯಲ್ಲೂ ಇರುವುದಿಲ್ಲ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಇವರಿಗೆ ಕೆಲಸ ತಪ್ಪಿದ್ದಿಲ್ಲ. 2020ರ ಅಕ್ಟೋಬರಿನಲ್ಲಿ ಉಜನಿ ಜಲಾಶಯದಿಂದ ಬಿಟ್ಟ ನೀರು ಸೊನ್ನ ಬ್ಯಾರೇಜು ದಾಟಿ ಬಂದಾಗ ಅಫಜಲಪುರ, ಜೇವರ್ಗಿ ಕಡೆಯ ನದಿದಂಡೆಯ ಊರುಗಳಿಗೆ ನೀರು ನುಗ್ಗಿತು. 2025ರ ಏಪ್ರಿಲ್ 5ರ ನಸುಕಿನಲ್ಲಿ ಜೇವರ್ಗಿ ತಾಲೂಕಿನ ನೆಲೋಗಿ ಕ್ರಾಸ್ ಹತ್ತಿರ ನಿಂತಿದ್ದ ಲಾರಿಗೆ ವ್ಯಾನೊಂದು ಗುದ್ದಿ ಐವರು ಸತ್ತರು. ಇಂಥ ಕಡೆ ಮೊದಲು ಹೋದವರು ಏನು ನೋಡಿದರು, ಯಾವುದನ್ನು ಕೈಯಾರೆ ಎತ್ತಿದರು ಅನ್ನುವುದು ಮರುದಿನದ ಪತ್ರಿಕೆಯಲ್ಲಿ ಬರುವುದಿಲ್ಲ.

ಭೀಮೆಯ ಆಚೆ ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನ ಲಚ್ಯಾಣ ಇದೆ. 2024ರ ಏಪ್ರಿಲಿನಲ್ಲಿ ಅಲ್ಲಿ ಕೊಳವೆಬಾವಿಗೆ ಬಿದ್ದಿದ್ದ ಎರಡು ವರ್ಷದೊಳಗಿನ ಮಗುವನ್ನು ಸುಮಾರು 20 ತಾಸು ಹೆಣಗಿ ಜೀವಂತ ಹೊರತೆಗೆದರು. ನಾಡೆಲ್ಲ ಚಪ್ಪಾಳೆ ತಟ್ಟಿತು. ಅದೇ ಜಿಲ್ಲೆಯ ನಾಗಠಾಣದಲ್ಲಿ 2014ರಲ್ಲಿ ಕೊಳವೆಬಾವಿಗೆ ಬಿದ್ದ ಬಾಲಕಿ ಉಳಿಯಲಿಲ್ಲ. ಅಲ್ಲಿಯೂ ಹಗಲು ರಾತ್ರಿ ದುಡಿದಿದ್ದರು. ಗೆದ್ದ ದಿನ ಹಾರ ಹಾಕುವವರು ಬರುತ್ತಾರೆ. ಸೋತ ದಿನ ಮನೆಗೆ ಹೋಗಿ ಉಣ್ಣಲಾರದೆ ಕೂತವನನ್ನು ಮಾತಾಡಿಸುವವರು ಕಡಿಮೆ.

ಸಣ್ಣ ಊರಿನಲ್ಲಿ ಈ ನೋವಿಗೆ ಇನ್ನೊಂದು ಮುಖವೂ ಇದೆ. ದೊಡ್ಡ ಶಹರದಲ್ಲಿ ಅಪಘಾತಕ್ಕೆ ಸಿಕ್ಕವರು ಸಾಮಾನ್ಯವಾಗಿ ಅಪರಿಚಿತರು. ತಾಲೂಕಿನಲ್ಲಿ ಹಾಗಲ್ಲ. ಬಾವಿಯಿಂದ ಎತ್ತಿದ ಹೆಣ್ಣುಮಗಳು ಪಕ್ಕದ ಓಣಿಯವಳಾಗಿರಬಹುದು, ಸ್ಟ್ರೆಚರ್ ಮೇಲಿನ ಹುಡುಗ ಮಗನ ಜೊತೆ ಸಾಲಿಗೆ ಹೋಗುವವನಿರಬಹುದು. ಮರುದಿನ ಸಂತೆಯಲ್ಲಿ ಸತ್ತವರ ಮನೆಯವರೇ ಎದುರಾಗುತ್ತಾರೆ. ‘ಇನ್ನೊಂದೀಟು ಲಗೂನ ಬಂದಿದ್ರ ಉಳೀತಿತ್ತಲ್ರೀ’ ಅನ್ನುತ್ತಾರೆ. ಆ ಒಂದು ಮಾತು ವರ್ಷಗಟ್ಟಲೆ ಕಿವಿಯಲ್ಲಿ ಉಳಿಯುತ್ತದೆ.

ಈ ನೋವಿನ ನಡುವೆ ಬಾಟಲಿ ಬರುತ್ತದೆ. ‘ಕುಡೀಲಾರ್ದ ಈ ಕೆಲಸ ಆಗಂಗಿಲ್ರೀ’ ಅನ್ನುವ ಮಾತನ್ನು ಕೊಳೆತ ಹೆಣ ಎತ್ತುವವರು, ಶವಾಗಾರದವರು ಮುಚ್ಚುಮರೆಯಿಲ್ಲದೆ ಆಡುತ್ತಾರೆ. ಅದನ್ನು ಚಟ ಎಂದು ಬೈಯುವ ಮೊದಲು ದೇಹದಲ್ಲಿ ಆಗುವುದನ್ನು ತಿಳಿಯಬೇಕು. ಅಪಾಯ ಕಂಡ ಕೂಡಲೇ ಅಡ್ರಿನಲಿನ್ ಏರುತ್ತದೆ, ಎದೆ ಬಡಿತ ಹೆಚ್ಚುತ್ತದೆ, ಮೈ ಬಿಗಿಯುತ್ತದೆ. ಕೆಲಸ ಮುಗಿದರೂ ಆ ಬಿಗಿ ಬೇಗ ಇಳಿಯುವುದಿಲ್ಲ. ಮದ್ಯ ಮೆದುಳನ್ನು ಮಂದಗೊಳಿಸುವ ವಸ್ತು. ಹಾಗಾಗಿ ಕುಡಿದ ತಕ್ಷಣ ಹಗುರ ಅನಿಸುತ್ತದೆ, ಕಣ್ಣು ಮುಚ್ಚುತ್ತದೆ. ಆದರೆ ಸರಿರಾತ್ರಿ ಕಳೆದು ಅದರ ಪ್ರಭಾವ ಇಳಿದಂತೆ ನಿದ್ದೆ ಒಡೆಯುತ್ತದೆ, ಬೆವರು ಬರುತ್ತದೆ, ಕೆಟ್ಟ ಕನಸುಗಳು ಬೀಳುತ್ತವೆ. ಕಂಡ ಸಾವು ಮನಸ್ಸಿನಲ್ಲಿ ಹಳೆಯದಾಗಲು ಒಳ್ಳೆಯ ನಿದ್ದೆ ಬೇಕು, ಕುಡಿತ ಕಸಿಯುವುದು ಅದನ್ನೇ. ಮರುದಿನ ದಣಿವು, ಸಿಡುಕು; ಸಂಜೆಗೆ ಮತ್ತೆ ಅದೇ ಅಂಗಡಿ. ಸಾಲ ತೀರಿಸಲು ಬಡ್ಡಿಗೆ ಸಾಲ ತಂದ ಹಾಗೆ.

ಎಷ್ಟು ಕುಡಿದರೆ ಹೆಚ್ಚು? ಲೆಕ್ಕ ಹಾಕೋಣ. ಒಂದು ಕ್ವಾರ್ಟರ್ ಎಂದರೆ 180 ಮಿಲಿ ಲೀಟರ್. ಶೇಕಡ 42.8ರ ವಿಸ್ಕಿಯೋ ರಮ್ಮೋ ಆದರೆ ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಇರುತ್ತದೆ. ಒಂದೇ ಸಲಕ್ಕೆ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಾದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಅತಿ ಕುಡಿತ ಎಂದೇ ಎಣಿಸುತ್ತದೆ. ‘ನಾ ಬರೇ ಒಂದು ಕ್ವಾರ್ಟರ್’ ಅನ್ನುವವರು ಇದನ್ನು ನೆನಪಿಡಲಿ.

ಇನ್ನೊಂದು ಎಚ್ಚರಿಕೆ. ದಿನಾಲೂ ಹೆಚ್ಚು ಕುಡಿಯುವವರು ಆಣೆ ಮಾಡಿ ಒಮ್ಮೆಲೇ ಬಿಟ್ಟುಬಿಡಬಾರದು. ಬಿಟ್ಟ ದಿನವೇ ಕೈನಡುಕ ಶುರುವಾಗಬಹುದು, ಫಿಟ್ಸ್ ಬರಬಹುದು. ಎರಡು ಮೂರು ದಿನದಲ್ಲಿ ಕೆಲವರು ಇಲ್ಲದ್ದನ್ನು ಕಂಡು ಬಡಬಡಿಸುತ್ತಾರೆ. ಇದರಿಂದ ಪ್ರಾಣವೂ ಹೋಗಬಹುದು. ಮನೆಯವರು ಗಾಳಿ ಸೋಕಿತೆಂದು ಹೆದರಿ ಗಾಣಗಾಪುರಕ್ಕೆ ಕರೆದೊಯ್ಯುವುದುಂಟು. ಅಲ್ಲಿಯ ದತ್ತಾತ್ರೇಯನಿಗೆ ಹರಕೆ ಹೊತ್ತುಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಆಸ್ಪತ್ರೆಗೆ ನಡೆಯಿರಿ. ಔಷಧ ಕೊಟ್ಟು ಸುರಕ್ಷಿತವಾಗಿ ಬಿಡಿಸುವುದು ವೈದ್ಯರಿಗೆ ಗೊತ್ತಿದೆ.

ಚಿಕಿತ್ಸೆಗೆ ಬರುವವರೇ ಕಡಿಮೆ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯದ ತೊಂದರೆ ಇರುವ 100 ಜನರಲ್ಲಿ ಸುಮಾರು 86 ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ. ಸಮವಸ್ತ್ರದಲ್ಲಿರುವವರಿಗೆ ಇನ್ನೊಂದು ಅಂಜಿಕೆ: ಸಾಹೇಬರಿಗೆ ಗೊತ್ತಾದರೆ ಹೇಗೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿ ಉಳಿಯುವ ಹಕ್ಕನ್ನು ರೋಗಿಗೆ ಕೊಟ್ಟಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ; ನಿಮ್ಮ ತಾಲೂಕಿಗೆ ಯಾವ ಮಂಗಳವಾರ ಬರುತ್ತಾರೆಂದು ಆಸ್ಪತ್ರೆಯಲ್ಲಿ ವಿಚಾರಿಸಿ. ಹೆಚ್ಚಿನ ಚಿಕಿತ್ಸೆಗೆ ಕಲಬುರಗಿಯ ಜಿಮ್ಸ್ ಆಸ್ಪತ್ರೆ ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ.

ಜೊತೆಗಾರರು ಏನು ಮಾಡಬಹುದು? ಕೆಟ್ಟ ಕರೆಗೆ ಹೋಗಿ ಬಂದವನಿಗೆ ಚಹಾ ಕೊಡಿ, ಪಕ್ಕದಲ್ಲಿ ಕೂತಿರಿ. ‘ಏನಾಯ್ತು ಹೇಳು’ ಎಂದು ಕೆದಕಬೇಡಿ. ಒತ್ತಾಯದಿಂದ ಹೇಳಿಸುವುದರಿಂದ ಉಪಯೋಗವಿಲ್ಲ ಎಂದು ಈಗ ತಜ್ಞರೂ ಹೇಳುತ್ತಾರೆ. ಅವನಾಗಿ ಹೇಳಿದರೆ ಕೇಳಿ. ತಿಂಗಳು ಕಳೆದರೂ ಅದೇ ದೃಶ್ಯ ಕಣ್ಣಿಗೆ ಕಟ್ಟುತ್ತಿದ್ದರೆ, ನಿದ್ದೆ ಬಾರದಿದ್ದರೆ, ಸಾಯುವ ಮಾತು ಬಂದರೆ ಕೈಹಿಡಿದು ವೈದ್ಯರ ಬಳಿ ಕರೆದೊಯ್ಯಿರಿ. ಅಧಿಕಾರಿಗಳೂ ಅಂಥ ಕರೆಯ ಮರುದಿನ ರಜೆ ಕೊಡಲಿ. ಕುಡಿದು ಡ್ಯೂಟಿಗೆ ಬಂದರೆ ಶಿಸ್ತುಕ್ರಮ ಬೇಕು, ನಿಜ. ಆದರೆ ‘ನನಗೆ ಸಹಾಯ ಬೇಕು’ ಎಂದು ತಾನಾಗಿ ಬಂದವನಿಗೆ ಮೆಮೊ ಕೊಟ್ಟರೆ ಇನ್ನೊಬ್ಬ ಬಾಯಿ ಬಿಡುವುದಿಲ್ಲ. ದಂಡೆಯ ಊರುಗಳ ಅಂಬಿಗರನ್ನು ಕೇಳುವ ಸಾಹೇಬರೇ ಇಲ್ಲ. ಅವರನ್ನು ನೀರಿಗಿಳಿಸುವ ಊರೇ ಅವರ ಯೋಗಕ್ಷೇಮವನ್ನೂ ನೋಡಬೇಕು. ಕೂಲಿಯ ಬದಲು ಬಾಟಲಿ ಕೊಡುವ ರೂಢಿಯನ್ನು ದಯವಿಟ್ಟು ನಿಲ್ಲಿಸಿ.

ಟೆಲಿ ಮಾನಸ್ ಸಂಖ್ಯೆ 14416. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು. ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಇಂಥ ಕೆಲಸದವರಿದ್ದರೆ ಇವತ್ತೇ ಅವರಿಗೆ ತಿಳಿಸಿ.