ಬಾಟ್ ತಂದು ಸುರಿದ ಸುದ್ದಿಗೆ ಯಾರು ಹೊಣೆ?



ನಮ್ಮ ಬಡಾವಣೆಯ ಟೆಲಿಗ್ರಾಂ ಗುಂಪನ್ನು ನಾವು ಆರಂಭಿಸಿದ್ದು ರಕ್ತದಾನಿಗಳನ್ನು ಹುಡುಕಲು, ವಿದ್ಯಾರ್ಥಿ ವೇತನದ ಪ್ರಕಟಣೆಗಳನ್ನು ತಿಳಿಸಲು ಮತ್ತು ಮರಣದ ಸುದ್ದಿ ಮುಟ್ಟಿಸಲು. ದಿನಕ್ಕೆ ನಾಲ್ಕಾರು ಸಂದೇಶಗಳು ಬರುತ್ತಿದ್ದವು. ಗುಂಪು ಸದಾ ಚಟುವಟಿಕೆಯಿಂದಿರಲಿ ಎಂಬ ಆಸೆಯಿಂದ ಅದಕ್ಕೊಂದು ಬಾಟ್ ಜೋಡಿಸಲು ನಾವೇ ಒಪ್ಪಿಗೆ ನೀಡಿದೆವು.

ಬಾಟ್ ಎಂದರೆ ಮನುಷ್ಯನ ಬದಲಿಗೆ ಸಂದೇಶ ಹಾಕುವ ಪ್ರೋಗ್ರಾಂ. ಟೆಲಿಗ್ರಾಂ 2015ರಲ್ಲಿಯೇ ಇದಕ್ಕೆ ಅವಕಾಶ ಕಲ್ಪಿಸಿತು. ಅನೇಕ ಸುದ್ದಿತಾಣಗಳು ತಮ್ಮ ಹೊಸ ಬರಹಗಳ ಪಟ್ಟಿಯನ್ನು ಆರ್‌ಎಸ್‌ಎಸ್ ಫೀಡ್ ಎಂಬ ರೂಪದಲ್ಲಿ ಒದಗಿಸುತ್ತವೆ. (ಹೆಸರು ಕೇಳಿ ಹುಬ್ಬೇರಿಸಬೇಡಿ, ಇದಕ್ಕೂ ನಾಗಪುರಕ್ಕೂ ಸಂಬಂಧವಿಲ್ಲ.) ಬಾಟ್ ಕೆಲವು ನಿಮಿಷಗಳಿಗೊಮ್ಮೆ ಆ ಪಟ್ಟಿಯನ್ನು ನೋಡಿ, ಹೊಸದಾಗಿ ಕಂಡದ್ದನ್ನೆಲ್ಲ ತಂದು ಗುಂಪಿಗೆ ಸುರಿಯುತ್ತದೆ. ಓದುವುದಿಲ್ಲ, ಆರಿಸುವುದಿಲ್ಲ.

ಒಂದು ರಾತ್ರಿ ಹೆರಿಗೆಗೆ ದಾಖಲಾದ ಸಹೋದರಿಯೊಬ್ಬರಿಗೆ ರಕ್ತ ಬೇಕೆಂಬ ವಿನಂತಿ ಬಂತು. ಅದರ ಮೇಲೆ ಚಲನಚಿತ್ರ, ಕ್ರಿಕೆಟ್, ಚಿನ್ನದ ದರಗಳ ಸುದ್ದಿಗಳು ರಾಶಿ ಬಿದ್ದವು. ಎರಡು ಬೀದಿಗಳಾಚೆ ಇದ್ದ ದಾನಿಗೆ ಅದು ಕಂಡದ್ದು ಮರುದಿನ ಬೆಳಿಗ್ಗೆ. ಈ ಗದ್ದಲ ತಾಳಲಾರದೆ ಅವರು ಗುಂಪಿನ ಸದ್ದನ್ನು ಎಂದೋ ಅಡಗಿಸಿಟ್ಟಿದ್ದರು. ಬೇರೆಡೆಯಿಂದ ರಕ್ತ ಸಿಕ್ಕಿ ತಾಯಿ ಮಗು ಉಳಿದರು.

ಇನ್ನೂ ಗಂಭೀರವಾದ ಸಂಗತಿಯೊಂದಿದೆ. ತಾಣವು ತಪ್ಪು ಸುದ್ದಿಯನ್ನು ಮೂಲದಲ್ಲಿ ತಿದ್ದಿದರೂ, ಅಳಿಸಿದರೂ, ನಮ್ಮ ಗುಂಪಿನಲ್ಲಿ ಬಿದ್ದ ಪ್ರತಿ ಹಾಗೆಯೇ ಉಳಿಯುತ್ತದೆ. ಹೊಣೆ ಯಾರದೆಂದು ಕೇಳಿದರೆ ಎಲ್ಲರೂ ಬಾಟ್‌ನತ್ತ ಬೆರಳು ತೋರಿಸುತ್ತಾರೆ.

ಮೂಲದಿಂದ ಕಿತ್ತು ಹಂಚಿದ ವಿಷಯ ಎಂತಹ ಅನಾಹುತಕ್ಕೆ ದಾರಿಯಾಗಬಲ್ಲದು ಎಂಬುದನ್ನು ನಮ್ಮ ರಾಜ್ಯ ಕಂಡಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಶಂಕೆಯಿಂದ ಹೈದರಾಬಾದಿನ ಯುವ ಇಂಜಿನಿಯರರೊಬ್ಬರನ್ನು ಹೊಡೆದು ಕೊಲ್ಲಲಾಯಿತು. ಆ ದಿನಗಳಲ್ಲಿ ಇಂತಹ ಭೀತಿಯನ್ನು ದೇಶದಾದ್ಯಂತ ಹಬ್ಬಿಸಿದ ವೀಡಿಯೋಗಳಲ್ಲೊಂದು, ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರದ ತುಣುಕಾಗಿತ್ತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವುದನ್ನಷ್ಟೇ ಉಳಿಸಿ, ಅವರು ಮಗುವನ್ನು ಮರಳಿಸುವ ಕೊನೆಯ ಭಾಗವನ್ನು ಕತ್ತರಿಸಲಾಗಿತ್ತು. ಅದನ್ನು ಹಂಚಿದ್ದು ಮನುಷ್ಯರ ಬೆರಳುಗಳೇ. ಆದರೆ ಬೆರಳಿಗೆ ದಣಿವಾದರೂ ಇದೆ, ಬಾಟ್‌ಗೆ ಅದೂ ಇಲ್ಲ. ಅದೇ ತಿಂಗಳು ವಾಟ್ಸ್ಆಪ್ ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದು ಕಡೆ ಮಾತ್ರ ಕಳಿಸುವ ಮಿತಿಯನ್ನು ಪ್ರಕಟಿಸಿತು. ಒಂದೇ ಬರಹವನ್ನು ಹಲವು ಖಾತೆಗಳಿಂದ ಒಮ್ಮೆಗೇ ಹಾಕುವ ಯಾಂತ್ರಿಕ ಕ್ರಮವನ್ನು ಟ್ವಿಟರ್ ಅದೇ ವರ್ಷದ ಫೆಬ್ರವರಿಯಲ್ಲಿ ನಿಷೇಧಿಸಿತ್ತು. ನಮ್ಮ ಗುಂಪಿನ ಬಾಟ್‌ಗೆ ಮಾತ್ರ ನಾವು ಯಾವ ಮಿತಿಯನ್ನೂ ಹಾಕಿರಲಿಲ್ಲ.

ಈಗ ಅದನ್ನು ತೆಗೆದುಹಾಕಿದ್ದೇವೆ. ಪದವಿ ಓದುತ್ತಿರುವ ಇಬ್ಬರು ಹೆಣ್ಣುಮಕ್ಕಳು ಪ್ರಕಟಣೆಯ ಮೂಲ ಪುಟವನ್ನು ತೆರೆದು ಓದಿ, ಕೊನೆಯ ದಿನಾಂಕವನ್ನು ಖಚಿತಪಡಿಸಿಕೊಂಡು, ತಮ್ಮ ಹೆಸರಿನೊಂದಿಗೆ ಗುಂಪಿಗೆ ಹಾಕುತ್ತಾರೆ. ಗುಂಪು ಮಂಕಾಯಿತೆಂದು ಕೆಲವರ ಆಕ್ಷೇಪವಿದೆ. ಮೂರು ದಿನಗಳ ಹಿಂದೆ ಸಂಜೆ ರಕ್ತಕ್ಕಾಗಿ ಬಂದ ವಿನಂತಿಗೆ ಮಗ್ರಿಬ್‌ಗೆ ಮುನ್ನವೇ ಉತ್ತರ ಬಂತು.