ಬೆನ್ನು ಬಿರಿಯುವ ಹೊತ್ತು

ಅಮೆರಿಕದ ಪೂರ್ವ ಭಾಗದಲ್ಲಿ ಒಂದು ಜೀರುಂಡೆ ಇದೆ. ಬೇರಿನ ರಸ ಹೀರುತ್ತ ಮಣ್ಣಿನೊಳಗೇ 17 ವರ್ಷ ಕಳೆಯುತ್ತದೆ. ಅದರ ಕೆಲವು ಬಂಧುಗಳಿಗೆ 13 ವರ್ಷ ಸಾಕು. ಒಂದು ವಸಂತದಲ್ಲಿ ಮಣ್ಣು ಸುಮಾರು 18 ಡಿಗ್ರಿಗೆ ಬೆಚ್ಚಗಾಗುತ್ತದೆ. ಆಗ ಲಕ್ಷಾಂತರ ಮರಿಗಳು ಒಟ್ಟಿಗೆ ಮೇಲೇಳುತ್ತವೆ. ಹಕ್ಕಿಗಳು ಎಷ್ಟು ತಿಂದರೂ ಮಿಗುವಷ್ಟು! 2024ರಲ್ಲಿ 13ರ ಒಂದು ಪೀಳಿಗೆ, 17ರ ಒಂದು ಪೀಳಿಗೆ ಜೊತೆಯಾಗಿ ಬಂದವು. ಆ ಎರಡೂ ಹಿಂದೆ ಹೀಗೆ ಕೂಡಿದ್ದು 1803ರಲ್ಲಿ.

ಇವುಗಳ ಚಿತ್ರ ತೆಗೆಯುವವರು ಕತ್ತಲಾದ ಮೇಲೆ ಮರದ ಬುಡದಲ್ಲಿ ಕಾಯುತ್ತಾರೆ. ಮ್ಯಾಕ್ರೋ ಲೆನ್ಸಿನ ಮುಂದೆ ಮರಿಯ ಬೆನ್ನು ಮೆಲ್ಲಗೆ ಬಿರಿಯುತ್ತದೆ. ಹಾಲಿನಂಥ ಬಿಳಿ ಮೈ ಹೊರಬಾಗುತ್ತದೆ. ಕಣ್ಣು ಮಾತ್ರ ಕೆಂಪು. ಮುದುಡಿದ ರೆಕ್ಕೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ನೋಡುವವರಿಗೆ ಕೈ ಚಾಚಿ ನೆರವಾಗೋಣ ಅನ್ನಿಸುವುದು ಸಹಜ. ಆದರೆ ಆಗ ಮುಟ್ಟಿದರೆ ಆ ಎಳೆ ರೆಕ್ಕೆ ಸೊಟ್ಟಗಾಗಿಬಿಡಬಹುದು. ಹಾಗಾಗಿ ಛಾಯಾಗ್ರಾಹಕರು ಬೆರಳನ್ನು ಕ್ಯಾಮೆರಾದ ಮೇಲಷ್ಟೇ ಇಟ್ಟು ಕೂರುತ್ತಾರೆ. ಪ್ರೀತಿಯಿಂದ ಸುಮ್ಮನಿರುವುದೂ ಒಂದು ಆರೈಕೆಯೇ ಎಂದು ನನಗೆ ಅನ್ನಿಸುತ್ತದೆ.

ರೆಕ್ಕೆ ಬಂದ ಮೇಲೆ ಕೆಲವೇ ವಾರಗಳ ಬದುಕು. ಹಾಡು, ಜೊತೆ, ಎಳೆ ಕೊಂಬೆಯಲ್ಲಿ ಮೊಟ್ಟೆ. 2021ರಲ್ಲಿ ಬಂದ ದೊಡ್ಡ ಪೀಳಿಗೆಯ ಮರಿಗಳು ಈಗ ನೆಲದೊಳಗಿವೆ. ಅವು ಹೊರಬರಬೇಕಾದ್ದು 2038ರಲ್ಲಿ. ಅಷ್ಟರೊಳಗೆ ಮೇಲಿನ ಮರ ಕಡಿದು ಅಂಗಳಕ್ಕೆ ಕಾಂಕ್ರೀಟ್ ಸುರಿದರೆ, ಅವಕ್ಕೆ ಬೇರೂ ಇಲ್ಲ, ಬಾಗಿಲೂ ಇಲ್ಲ.