ಅಜ್ಜಿಯ ಸಂಚಿಯಲ್ಲಿ ಏನಿದೆ?

ಮೊನ್ನೆ ಹಿರಿಯೂರು ಹತ್ತಿರದ ಆದಿವಾಲಕ್ಕೆ ಹೋಗಿದ್ದೆ. ಹೊಲದ ಬದುವಿನ ಮೇಲೆ ಕೂತಿದ್ದ ಅಜ್ಜಿಯೊಬ್ಬರನ್ನು ಕೇಳಿದೆ: 'ಅಜ್ಜಿ, ನಿಮ್ಮೂರಲ್ಲಿ ಹೆಂಗಸರು ಬೀಡಿ ಸೇದ್ತಾರಾ?'

'ಥೂ, ನಾವೇನ್ ಗಂಡಸ್ರೇನಪ್ಪ?' ಅಂತ ನಕ್ಕರು. ನಗುತ್ತಲೇ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಸವರಿ, ಅಡಿಕೆ ಜೊತೆ ಒಂದು ಚೂರು ಹೊಗೆಸೊಪ್ಪು ಬಾಯಿಗಿಟ್ಟರು.

ಬೆಂಗಳೂರಲ್ಲಿ ಹುಡುಗಿಯೊಬ್ಬಳು ಸಿಗರೇಟು ಹಚ್ಚಿದರೆ ನಾವು ಟಿವಿಯವರು ಅರ್ಧ ಗಂಟೆ ಸಂಸ್ಕೃತಿ ಚರ್ಚೆ ಮಾಡ್ತೀವಿ. ನಾನೂ ಮಾಡಿದ್ದೀನಿ. ಆದರೆ ಚಿಕ್ಕವನಿದ್ದಾಗ ನಮ್ಮಜ್ಜಿಗೆ ಅಂಗಡಿಯಿಂದ ಹೊಗೆಸೊಪ್ಪು ತಂದುಕೊಡ್ತಿದ್ದವನೂ ನಾನೇ. ಆಗ ಯಾರೂ ಬೈಯಲಿಲ್ಲ.

ಲೆಕ್ಕ ನೋಡಿ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆ ಪ್ರಕಾರ ದೇಶದಲ್ಲಿ ಸೇದುವ ಹೆಂಗಸರು 100ಕ್ಕೆ 2. ಹೊಗೆ ಇಲ್ಲದ ತಂಬಾಕು ಬಳಸುವವರು ಸುಮಾರು 13!

ಸೇದಿದರೆ ಶ್ವಾಸಕೋಶಕ್ಕೆ, ಹೃದಯಕ್ಕೆ ಪೆಟ್ಟು. ಅಗಿದರೆ ಬಾಯಿ, ಅನ್ನನಾಳದ ಕ್ಯಾನ್ಸರ್. ಗರ್ಭಿಣಿ ಸೇದಿದರೂ ಅಗಿದರೂ ಹುಟ್ಟುವ ಮಗುವಿನ ತೂಕ ಕಡಿಮೆಯಾಗುವ ಅಪಾಯ. ನಿಕೋಟಿನ್ ರಕ್ತಕ್ಕೆ ಸೇರಲು ಬೆಂಕಿಕಡ್ಡಿಯೇ ಗೀರಬೇಕು ಅಂತಿಲ್ಲ.

ಹಾಗಂತ ಸಿಗರೇಟು ಸರಿ ಅಂತ ಹೇಳ್ತಿಲ್ಲ. ನಾವು ನಡತೆ ನೋಡಿದ್ವಿ, ಆರೋಗ್ಯ ನೋಡಲಿಲ್ಲ ಅಂತಿದ್ದೀನಿ ಅಷ್ಟೆ.

ಇವತ್ತು ಮನೆಯ ಹಿರಿಯರ ಹತ್ತಿರ ಕೂತು ಕೇಳಿ. ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣು, ಬಿಳಿ ಮಚ್ಚೆ ಇದ್ದರೆ ಡಾಕ್ಟರಿಗೆ ತೋರಿಸಿ. ಬಿಡಬೇಕು ಅನ್ನುವವರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800 11 2356.

ಮೊಮ್ಮಗಳಿಗೆ ಬೈಗುಳ, ಅಜ್ಜಿಗೆ ಹೊಗೆಸೊಪ್ಪು. ಇದು ಪ್ರೀತಿಯೂ ಅಲ್ಲ, ಸಂಸ್ಕೃತಿಯೂ ಅಲ್ಲ. ಯೋಚನೆ ಮಾಡಿ.